ಕತ್ತರಿ ಮುಟ್ಟದ ಸಾಲು

ಉದ್ಯಾನ ವಿಭಾಗದಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಕತ್ತರಿಯಕ್ಕ. ಗಿಡ ಕತ್ತರಿಸುವುದರಲ್ಲಿ ಎತ್ತಿದ ಕೈ. ಪೊದೆಯನ್ನು ಚೆಂಡು ಮಾಡು ಅಂದರೆ ಚೆಂಡು, ಪೆಟ್ಟಿಗೆ ಮಾಡು ಅಂದರೆ ಪೆಟ್ಟಿಗೆ. ಟೇಪು ಹಿಡಿದು ಅಳೆದರೂ ಬೆರಳಗಲ ಹೆಚ್ಚುಕಡಿಮೆ ಸಿಗುತ್ತಿರಲಿಲ್ಲ. ಅಂಥವಳು ಸೋಮವಾರ ಬೆಳಿಗ್ಗೆ, ಹಾಜರಿ ಹಾಕುವ ಹೊತ್ತಿನಲ್ಲಿ, ಇಪ್ಪತ್ತು ಜನರ ಎದುರಿಗೆ "ಆಗಲ್ಲ" ಅಂದುಬಿಟ್ಟಳು.

"ಯಾವುದು ಆಗಲ್ಲ?" ಎಂದು ಮೇಲ್ವಿಚಾರಕ ತಲೆಯೆತ್ತಿದ. ಮೇಲ್ವಿಚಾರಕನೆಂದರೆ ಬೇರೆ ಯಾರೋ ಅಲ್ಲ, ಆಕೆಯ ಒಡಹುಟ್ಟಿದ ತಮ್ಮ. ಕತ್ತರಿ ಹಿಡಿಯುವುದನ್ನು ಅವನಿಗೆ ಕಲಿಸಿದವಳೂ ಆಕೆಯೇ. ಅವನು ಓದು ಬರಹ ಚೆನ್ನಾಗಿ ಬಲ್ಲವನಾದ್ದರಿಂದ ಮೇಲೆ ಹೋದ, ಆಕೆ ಗಿಡಗಳ ಹತ್ತಿರವೇ ಉಳಿದಳು.

ಆಗಿದ್ದು ಇಷ್ಟು. ಶುಕ್ರವಾರ ಚೆಂದದ ಊರುಗಳ ಸ್ಪರ್ಧೆಯ ತೀರ್ಪುಗಾರರು ಬರುವವರಿದ್ದರು. ರಸ್ತೆ ಬದಿಯ ಪೊದೆಗಳೆಲ್ಲ ಎರಡೂವರೆ ಅಡಿ ಎತ್ತರಕ್ಕೆ, ದುಂಡಗೆ, ಒಂದೇ ಸಮ ಇರಬೇಕು ಎಂದು ವಿಭಾಗದ ಸಾಹೇಬರು ಹುಕುಂ ಹೊರಡಿಸಿದ್ದರು.

"ಊರಲ್ಲಿರೋ ಪೊದೆನೆಲ್ಲ ದುಂಡಗೆ ಮಾಡಿಕೊಡ್ತೀನಿ" ಅಂದಳು ಕತ್ತರಿಯಕ್ಕ. "ಬೇಕಿದ್ರೆ ಸಾಹೇಬ್ರ ತಲೆ ಕೂದಲೂ ಸಮ ಮಾಡ್ತೀನಿ. ವರ್ಕ್‌ಶಾಪ್ ಗೋಡೆ ಸಾಲಿಗೆ ಮಾತ್ರ ಕತ್ತರಿ ಮುಟ್ಟಿಸಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಮ್ಮ ಹಾಜರಿ ಪುಸ್ತಕ ಮುಚ್ಚಿ ಒಳಗೆ ಹೋದ.

ವರ್ಕ್‌ಶಾಪ್ ಗೋಡೆ ಅಂದರೆ ರೈಲು ಡಬ್ಬಿಗಳನ್ನು ರಿಪೇರಿ ಮಾಡುವ ಕಾರ್ಖಾನೆಯ ಹಿಂಗೋಡೆ. ಅದಕ್ಕೂ ರಸ್ತೆಗೂ ನಡುವೆ ಆರಡಿ ಅಗಲದ ಮಣ್ಣಿನ ಪಟ್ಟಿ, ಅದರಲ್ಲಿ ನಲವತ್ತೆರಡು ಕಡ್ಡಿಗಿಡ. ಈ ಕಡ್ಡಿಗಿಡ ಆ ಸೀಮೆಯ ಬೋಳುಗುಡ್ಡಗಳಲ್ಲಿ ತನ್ನಷ್ಟಕ್ಕೆ ತಾನು ಹುಟ್ಟಿ ಬೆಳೆಯುವ ಪೊದೆ. ಹತ್ತು ತಿಂಗಳು ಮಳೆ ಬರದಿದ್ದರೂ ಅದು ತಲೆಕೆಡಿಸಿಕೊಳ್ಳುವುದಿಲ್ಲ. ಬೇಸಿಗೆ ಬಂತೆಂದರೆ ಇದ್ದಬದ್ದ ಎಲೆಯನ್ನೆಲ್ಲ ಉದುರಿಸಿ ಸತ್ತ ಹಾಗೆ ನಿಂತುಬಿಡುತ್ತದೆ. ಕಂಡವರು ಸೌದೆ ಅಂದುಕೊಳ್ಳಬೇಕು. ಆಮೇಲೆ, ಬೇರೆ ಯಾವ ಗಿಡಕ್ಕೂ ಹೂವಿನ ಯೋಚನೆಯೇ ಬಾರದ ಕಡುಬಿಸಿಲಿನಲ್ಲಿ, ಅದೇ ಒಣ ಕಡ್ಡಿಗಳ ಉದ್ದಕ್ಕೂ ನೇರಳೆ ಹೂವು ಮುತ್ತಿಕೊಳ್ಳುತ್ತದೆ. ಹೆಚ್ಚೆಂದರೆ ಮೂರು ವಾರ, ಅಷ್ಟೇ.

ಹನ್ನೊಂದು ವರ್ಷದ ಹಿಂದೆ, ಹೊರಗಿನಿಂದ ತರಿಸಿ ನೆಟ್ಟ ಗಿಡಗಳು ಆ ಗೋಡೆಯ ಕಾವಿಗೆ ಮೂರು ಸಲ ಸುಟ್ಟು ಕರಕಲಾದಾಗ, ಕತ್ತರಿಯಕ್ಕ ಗುಡ್ಡಕ್ಕೆ ಹೋಗಿ ಸೆರಗು ತುಂಬ ಕಡ್ಡಿಗಿಡದ ಬೀಜ ತಂದಿದ್ದಳು. ಮೊದಲ ಸಲ ಅಭ್ಯಾಸಬಲದಿಂದ ದಿನಾ ನೀರು ಹಾಕಿ ಎಲ್ಲ ಸಸಿಗಳನ್ನೂ ಕೊಳೆಸಿದಳು. ಎರಡನೆಯ ಸಲ ಬೀಜದ ಗಟ್ಟಿ ಸಿಪ್ಪೆಯನ್ನು ಮರಳು ಕಾಗದದಿಂದ ಉಜ್ಜಿ, ಅರ್ಧಕ್ಕರ್ಧ ಜಲ್ಲಿ ಬೆರೆಸಿದ ಮಣ್ಣಿನಲ್ಲಿ ಹಾಕಿ, ನೀರಿನ ಕ್ಯಾನು ಮುಟ್ಟದಂತೆ ತನ್ನ ಕೈಯನ್ನೇ ತಾನು ಗದರಿಸಿಕೊಂಡು ಬೆಳೆಸಿದಳು. ನೆಟ್ಟ ಎರಡನೆಯ ವರ್ಷ ಹೂವು ಬಂತು. ಹೂವಿನ ಹಿಂದೆಯೇ ದುಂಬಿಗಳು ಬಂದವು.

ದುಂಬಿಯೆಂದರೆ ಗೂಡು ಕಟ್ಟಿ ಜೇನು ಕೂಡಿಡುವ ಜಾತಿಯಲ್ಲ. ಬೂದಿ ಬಣ್ಣದ, ಗೋಧಿ ಕಾಳಿನಷ್ಟಿರುವ ಒಂಟಿ ಜೀವಗಳು. ಒಂದೊಂದು ಹೆಣ್ಣೂ ಬರಿನೆಲದಲ್ಲಿ ತನ್ನದೇ ಒಂದು ಸಣ್ಣ ತೂತು ಕೊರೆದು, ಕಡ್ಡಿಗಿಡದ ಪರಾಗವನ್ನು ಉಂಡೆ ಕಟ್ಟಿ ಒಳಗಿಟ್ಟು, ಅದರ ಮೇಲೆ ಮೊಟ್ಟೆಯಿಟ್ಟು, ತೂತಿನ ಬಾಯಿ ಮುಚ್ಚಿ ಸತ್ತುಹೋಗುತ್ತದೆ. ಮರಿ ವರ್ಷವಿಡೀ ನೆಲದೊಳಗಿದ್ದು, ಮುಂದಿನ ಸಲ ಹೂವು ಬಿಡುವ ವಾರಕ್ಕೆ ಸರಿಯಾಗಿ ಮೇಲೆ ಬರುತ್ತದೆ. ಬಂದಾಗ ಹೂವಿದ್ದರೆ ಬದುಕು. ಇಲ್ಲದಿದ್ದರೆ ಅವಕ್ಕೆ ಬೇರೆ ಊಟ ಗೊತ್ತಿಲ್ಲ.

ಇದು ಕತ್ತರಿಯಕ್ಕನಿಗೆ ಹೇಗೆ ಗೊತ್ತು ಅಂದರೆ, ಕೊಂದವಳೇ ಆಕೆ. ಐದು ವರ್ಷದ ಹಿಂದೆ ಇದೇ ಸ್ಪರ್ಧೆ, ಇದೇ ಹುಕುಂ ಬಂದಿತ್ತು. ಕಡ್ಡಿಗಳ ಮೇಲೆ ಮೊಗ್ಗು ಸಾಸಿವೆಯಷ್ಟಿತ್ತು, ಆಕೆ ನೋಡಿದ್ದಳು. ನೋಡಿಯೂ ಕತ್ತರಿ ಆಡಿಸಿದಳು. ಅಂಥ ಒರಟು ಪೊದೆಯನ್ನು ದುಂಡಗೆ ಮಾಡಬಲ್ಲವರು ಊರಲ್ಲಿ ತನ್ನ ಬಿಟ್ಟು ಇನ್ನಾರು ಎಂಬ ಜಂಬ. ನಲವತ್ತೆರಡು ಪೊದೆ, ನಲವತ್ತೆರಡು ಚೆಂಡು. ಊರಿಗೆ ಬಹುಮಾನ ಬಂತು, ಪತ್ರಿಕೆಯಲ್ಲಿ ಫೋಟೋ ಬಂತು. ವಾರ ಕಳೆದು ದುಂಬಿಗಳು ನೆಲದಿಂದ ಎದ್ದವು. ಬೋಳು ಚೆಂಡುಗಳನ್ನು ಸುತ್ತಿದವು, ಸುತ್ತಿದವು. ನಾಲ್ಕನೆಯ ದಿನ ಪಾದಚಾರಿ ದಾರಿಯ ಮೇಲೆ ಚೆಲ್ಲಿದ ಬೂದಿಯ ಹಾಗೆ ಬಿದ್ದಿದ್ದವು. ಗುಡಿಸಿದವಳೂ ಆಕೆಯೇ. ಮರುವರ್ಷ ಆ ಪಟ್ಟಿಯಲ್ಲಿ ಏಳೇ ಏಳು ತೂತು. ದುಂಬಿಗಳು ಬಿಸಿಲು ಜಾಸ್ತಿಯಾಗಿ ಸತ್ತಿರಬೇಕು ಎಂದು ಜನ ಅಂದುಕೊಂಡರು. ಆಕೆಯೂ ಹೌದೌದು ಅಂದಳು. ಆ ಹೌದೌದನ್ನು ಆಕೆ ಇವತ್ತಿಗೂ ಮರೆತಿರಲಿಲ್ಲ. ಏಳು ಇದ್ದದ್ದು ಇನ್ನೂರು ದಾಟಲು ಇಷ್ಟು ವರ್ಷ ಹಿಡಿದಿತ್ತು. ಈಗ ಮತ್ತೆ ಮೊಗ್ಗು ಸಾಸಿವೆಯಷ್ಟಾಗಿತ್ತು, ಮತ್ತೆ ಹುಕುಂ ಬಂದಿತ್ತು.

ಸೋಮವಾರ ಸಂಜೆ ತಮ್ಮ ಅಕ್ಕನ ಮನೆಗೆ ಬಂದ. ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ಕತ್ತರಿಯಕ್ಕನ ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಪ್ಪಾ ಮೇಲ್ವಿಚಾರಕಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ಅಕ್ಕನ ಮನೆ ದಾರಿ ನೆನಪಿದೆಯಾ?"

"ನೀವಾದ್ರೂ ಬುದ್ಧಿ ಹೇಳಿ ಅತ್ತೆ. ಹುಳಕ್ಕೋಸ್ಕರ ಕೆಲಸ ಕಳ್ಕೋತಾಳಂತೆ ನಿಮ್ಮ ಸೊಸೆ."

"ನಾನು ಮೂವತ್ತು ವರ್ಷದಿಂದ ಹೇಳ್ತಾನೇ ಇದೀನಿ. ಒಂದು ದಿನ ಕೇಳಿದಾಳಾ? ನನ್ನ ಕೈಲಾಗದ್ದು ನಿನ್ನ ಸಾಹೇಬನ ಕೈಲಾಗುತ್ತಾ? ಒಳಗೆ ಹೋಗು, ಚಹಾ ಕುಡಿ."

ಒಳಗೆ ಕತ್ತರಿಯಕ್ಕ ಕತ್ತರಿಯ ಅಲಗಿಗೆ ಎಣ್ಣೆ ಸವರುತ್ತಿದ್ದಳು. ತಮ್ಮ ಲೋಟ ಕೈಗೆತ್ತಿಕೊಂಡು ಕುಡಿಯದೇ ಕೂತ.

"ಅಕ್ಕಾ, ನಿಂಗೆ ಇನ್ನು ನಾಲ್ಕು ವರ್ಷ ಸರ್ವೀಸಿದೆ. ನಂಗೆ ಹದಿನಾಲ್ಕು. ಸಾಹೇಬ್ರ ಮೂಗಿನ ತುದೀಲೇ ಸಿಟ್ಟು. ಸ್ವಲ್ಪ ಮೇಲೆ ಮೇಲೆ ಸವರಿಬಿಡು, ಸಾಕು."

"ಮೇಲಿರೋದೇ ಮೊಗ್ಗು ಕಣೋ. ಮೇಲೆ ಸವರಿದ್ರೆ ಉಳಿಯೋದೇನು?"

"ಹೂವು ಮುಂದಿನ ವರ್ಷ ಬರುತ್ತಲ್ಲ!"

"ಹೂವು ಬರುತ್ತೆ. ತಿನ್ನೋರು ಇರಲ್ಲ."

"ನಿನ್ನ ಹಟಕ್ಕೆ ಕೊನೇನೇ ಇಲ್ಲ" ಎಂದು ಅವನು ಲೋಟ ಕುಕ್ಕಿ ಎದ್ದ. ಚಹಾ ಹಾಗೇ ಆರಿತು. ಅತ್ತೆ ಅದನ್ನು ತಾನು ಕುಡಿದಳು.

ಸುಮ್ಮನೆ ಹಟ ಹಿಡಿದು ಕೂತವಳೆಂದು ಯಾರೂ ಬೆರಳು ತೋರಿಸಬಾರದಲ್ಲ. ಮಂಗಳವಾರ, ಬುಧವಾರ ಎರಡು ದಿನ ಕತ್ತರಿಯಕ್ಕ ಬಿಸಿಲೆನ್ನದೆ ದುಡಿದಳು. ಆಸ್ಪತ್ರೆ ರಸ್ತೆ, ಶಾಲೆ ರಸ್ತೆ, ಬಸ್ ನಿಲ್ದಾಣದ ಸುತ್ತ, ಎಲ್ಲ ಪೊದೆಗಳೂ ಅಚ್ಚಿನಿಂದ ತೆಗೆದಂತೆ ಆದವು. ಬುಧವಾರ ಮಧ್ಯಾಹ್ನ ಉಳಿದದ್ದು ವರ್ಕ್‌ಶಾಪ್ ಗೋಡೆಯ ಸಾಲೊಂದೇ.

ಕತ್ತರಿಸುವವರ ಕೆಲಸಕ್ಕೊಂದು ಪದ್ಧತಿಯಿದೆ. ಸಾಲಿನ ಎರಡೂ ತುದಿಗೆ ಗೂಟ ಹೊಡೆದು, ಬೇಕಾದ ಎತ್ತರಕ್ಕೆ ದಾರ ಬಿಗಿಯುತ್ತಾರೆ. ದಾರದ ಮೇಲಿದ್ದದ್ದು ಹೋಗಬೇಕು, ಕೆಳಗಿದ್ದದ್ದು ಉಳಿಯಬೇಕು. ದಾರ ಕಟ್ಟುವುದು ಕತ್ತರಿ ಹಿಡಿದವರದೇ ಹಕ್ಕು. ಕಟ್ಟಿದ ಮೇಲೆ ಇನ್ನೊಬ್ಬರು ಮುಟ್ಟುವಂತಿಲ್ಲ. ಕತ್ತರಿಯಕ್ಕ ಗೂಟ ಹೊಡೆದಳು. ಏಣಿ ಹತ್ತಿದಳು. ದಾರವನ್ನು ಏಳಡಿ ಎತ್ತರಕ್ಕೆ ಬಿಗಿದು, ಕೆಳಗಿಳಿದು, ನೆರಳಲ್ಲಿ ಕೂತು ನೀರು ಕುಡಿದಳು.

ಸಾಹೇಬರ ಜೀಪು ಬಂತು. ಹಿಂದಿನಿಂದ ತಮ್ಮ, ಮುಂದಿನಿಂದ ಸಾಹೇಬರು ಇಳಿದರು.

"ಏನಮ್ಮಾ ಇದು?"

"ದಾರ ಸಾರ್. ದಾರದ ಮೇಲೆ ಏನಾದ್ರೂ ಕಾಣ್ತಾ ಇದೆಯಾ ನೋಡಿ. ಇದ್ರೆ ಈಗಲೇ ಕತ್ತರಿಸ್ತೀನಿ."

ಸಾಹೇಬರು ದಾರ ನೋಡಿದರು. ದಾರದ ಮೇಲೆ ಒಂದು ಕಾಗೆ ಕೂರಲು ನೋಡಿ ತೂಗಾಡಿ ಹಾರಿಹೋಯಿತು. ಜೀಪಿನ ಡ್ರೈವರ್ ನಗು ತಡೆಯಲಾರದೆ ಕೆಮ್ಮತೊಡಗಿದ.

"ತಮಾಷೆನಾ? ನನ್ನ ಹತ್ರ ತಮಾಷೆನಾ?" ಸಾಹೇಬರ ಕಿವಿ ಕೆಂಪಾಯಿತು. "ಈ ಒಣ ಪುಳ್ಳೆಗೋಸ್ಕರ ಇಡೀ ಊರಿನ ಮಾನ ಹರಾಜಿಗಿಡ್ತೀಯಾ?" ಅವರು ತಮ್ಮನ ಕಡೆ ತಿರುಗಿದರು. "ನಾಳೆ ಮೆಷಿನ್ ತಗೊಂಡು ನೀನೇ ಬಾ. ನೀನೇ ಕತ್ತರಿಸು. ಆಗಲ್ಲ ಅಂದ್ರೆ ಇಬ್ಬರೂ ಮನೇಲಿರಿ."

ಗುರುವಾರ ಬೆಳಿಗ್ಗೆ ತಮ್ಮ ಟ್ರಿಮ್ಮರ್ ಮೆಷಿನ್ ಹೆಗಲಿಗೇರಿಸಿಕೊಂಡು ಬಂದ. ಅವನ ಮುಖ ನೋಡಿದರೆ ಅಯ್ಯೋ ಅನ್ನಿಸಬೇಕು. ಅಷ್ಟರಲ್ಲಿ ಕತ್ತರಿಯಕ್ಕ ಸಣ್ಣ ಗುದ್ದಲಿ ಹಿಡಿದು ಮೊದಲ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಏಳಕ್ಕಾ."

"ಕಳೆ ಕೀಳ್ತಿದೀನಿ."

"ಇಲ್ಲಿ ಎಲ್ಲಿದೆ ಕಳೆ? ಈ ನೆಲದಲ್ಲಿ ಹುಲ್ಲುಕಡ್ಡಿ ಹುಟ್ಟಿ ಹತ್ತು ವರ್ಷ ಆಯ್ತು!"

"ಹುಡುಕ್ತಿದೀನಿ. ಆಮೇಲೆ, ಯಾರಾದ್ರೂ ಕೆಲಸ ಮಾಡ್ತಿದ್ರೆ ಹತ್ತಡಿ ಒಳಗೆ ಮೆಷಿನ್ ಚಾಲೂ ಮಾಡಬಾರದು ಅಂತ ನಿಯಮ. ಸ್ಟೋರ್ ಗೋಡೆ ಮೇಲೆ ಕೆಂಪಕ್ಷರದಲ್ಲಿ ಬರೆದೋನು ನೀನೇ ಅಲ್ವಾ?"

ತಮ್ಮ ಹಲ್ಲು ಕಚ್ಚಿಕೊಂಡು ಸಾಲಿನ ಆ ತುದಿಗೆ ನಡೆದ. ಮೆಷಿನ್ನಿನ ಹಗ್ಗ ಎಳೆಯಲು ಬಗ್ಗುವಷ್ಟರಲ್ಲಿ ಐವತ್ತಾರು ವರ್ಷದ ಅಕ್ಕ ಏದುಸಿರು ಬಿಡುತ್ತ ಬಂದು ಅಲ್ಲಿಯೂ ಗುದ್ದಲಿ ಹಿಡಿದು ಕೂತಳು. ಅವನು ನಡುವಿಗೆ ಬಂದ, ಆಕೆಯೂ ನಡುವಿಗೆ ಬಂದಳು. ಅವನು ಈ ತುದಿಗೆ ಓಡಿದ, ಆಕೆ ಸೀರೆ ಎತ್ತಿಕಟ್ಟಿ ಓಡಿದಳು. ಬಸ್ಸಿಗೆ ಕಾಯುತ್ತಿದ್ದವರು ಎರಡು ಬಸ್ಸು ಬಿಟ್ಟು ನಿಂತು ನೋಡಿದರು. ಕೊನೆಗೆ ಅವನು ಮೆಷಿನ್ ನೆಲಕ್ಕೆ ಕುಕ್ಕಿದ.

"ಯಾಕಕ್ಕಾ ನನ್ನ ಪ್ರಾಣ ತಿಂತೀಯಾ! ಹೋದ ಸಲ ನೀನೇ ಕತ್ತರಿಸ್ಲಿಲ್ವಾ ಇದನ್ನ? ಆಗ ಎಲ್ಲಿ ಹೋಗಿತ್ತು ಈ ದೊಡ್ಡತನ?"

ಕತ್ತರಿಯಕ್ಕನ ಕೈಯಿಂದ ಗುದ್ದಲಿ ಜಾರಿತು. ಐದು ವರ್ಷ ಯಾರಿಗೂ ಹೇಳದ ಮಾತು ಈಗ ಬಾಯಿಗೆ ಬಂತು.

"ಅದಕ್ಕೇ ಕಣೋ" ಅಂದಳು. "ಆ ವರ್ಷ ದುಂಬಿ ಸತ್ತದ್ದು ಬಿಸಿಲಿಗಲ್ಲ. ನನ್ನ ಕೈಗೆ. ಮೊಗ್ಗು ಕಂಡಿತ್ತು ನಂಗೆ. ಬೇಡ ಅಂತ ಮನಸ್ಸು ಹೇಳ್ತು. ಆದ್ರೂ ಕತ್ತರಿಸಿದೆ. ಹೊಗಳ್ತಾರಲ್ಲಾ ಅಂತ. ಸತ್ತು ಬಿದ್ದವನ್ನ ಮೊರದಲ್ಲಿ ತುಂಬ್ಕೊಂಡು ಹೋಗಿ ಕಸದ ಗಾಡಿಗೆ ಹಾಕಿದೆ. ನಿನ್ನ ರೂಮಲ್ಲಿ ಕಟ್ಟು ಹಾಕ್ಸಿ ಇಟ್ಟಿದೀಯಲ್ಲ ಆ ಫೋಟೋ, ಅದನ್ನ ನೋಡಿದಾಗೆಲ್ಲ ನಂಗೆ ಕಾಣೋದು ಆ ಮೊರ."

ಆ ಫೋಟೋ ಬಂದ ವರ್ಷವೇ ತಮ್ಮನಿಗೆ ಮೇಲ್ವಿಚಾರಕನ ಕುರ್ಚಿ ಸಿಕ್ಕಿತ್ತು. ಅದು ಅವನಿಗೂ ಗೊತ್ತು, ಆಕೆಗೂ ಗೊತ್ತು.

"ಯಾರಿಗೂ ಯಾಕೆ ಹೇಳ್ಲಿಲ್ಲ?" ಎಂದು ಅವನು ಕೇಳಿದ.

"ನಾಚಿಕೆ" ಅಂದಳು ಆಕೆ. "ಕತ್ತರಿಯಕ್ಕ ಅನ್ನೋ ಹೆಸರು ಬೇರೆ. ಈಗ ಹೇಳಿದೆ. ಮೆಷಿನ್ ಚಾಲೂ ಮಾಡೋದಾದ್ರೆ ಮಾಡು. ನಾನಂತೂ ಏಳಲ್ಲ."

ತಮ್ಮ ಮೆಷಿನ್ ಎತ್ತಿಕೊಂಡು ಹೊರಟುಹೋದ. ಸ್ಟೋರಿನ ಪುಸ್ತಕದಲ್ಲಿ 'ಮೆಷಿನ್ ಕೆಟ್ಟಿದೆ' ಎಂದು ಬರೆದು ಸಹಿ ಹಾಕಿದ. ಅದು ಅವನ ನೌಕರಿಯಲ್ಲೇ ಮೊದಲ ಸುಳ್ಳು, ಅವನ ಅಕ್ಷರ ನೋಡಿದರೇ ಗೊತ್ತಾಗುತ್ತಿತ್ತು.

ಸಾಹೇಬರೇನು ಕಡಿಮೆ ಆಸಾಮಿಯೇ? ಶುಕ್ರವಾರ ಬೆಳಿಗ್ಗೆ ಕತ್ತರಿಯಕ್ಕ ಬಂದು ನೋಡಿದರೆ, ಸಾಲಿನ ಮುಂದೆ ನೀರಿನ ಟ್ಯಾಂಕರುಗಳು ಎರಡು, ಒಂದರ ಹಿಂದೊಂದು, ಗೋಡೆ ಕಟ್ಟಿದ ಹಾಗೆ ನಿಂತಿದ್ದವು. ರಸ್ತೆಯಲ್ಲಿ ಹೋಗುವವರಿಗೆ ಕಡ್ಡಿಗಿಡದ ಒಂದು ರೆಂಬೆಯೂ ಕಾಣುವಂತಿರಲಿಲ್ಲ.

"ಬಿಡಕ್ಕಾ, ಕತ್ತರಿಸೋದು ತಪ್ಪಿತಲ್ಲ" ಎಂದು ತಮ್ಮ ಪಿಸುಗುಟ್ಟಿದ. "ಅವರು ಬಂದು ಹೋಗೋವರೆಗೆ ಒಂದು ಗಂಟೆ. ನಿಂಗೆ ಕೈ ಮುಗೀತೀನಿ, ಬಾಯಿ ಮುಚ್ಕೊಂಡಿರು."

ಇರಬಹುದಿತ್ತು. ಗೆದ್ದ ಹಾಗೇ ಆಯಿತಲ್ಲ ಎಂದು ಆಕೆಗೂ ಒಂದು ಕ್ಷಣ ಅನ್ನಿಸಿತು. ಟ್ಯಾಂಕರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಸುಳಿ ಹೋದಳು. ರಾತ್ರಿ ಕಳೆಯುವುದರೊಳಗೆ ಮೊದಲ ಹೂವುಗಳು ಬಿರಿದಿದ್ದವು. ಒಂದೆರಡು ದುಂಬಿ ಆಗಲೇ ಎದ್ದು ಹೂವಿಗೆ ತಲೆ ಹಾಕಿದ್ದವು. ಅಬ್ಬಾ ಎಂದು ಆಕೆಯ ಎದೆ ತುಂಬಿತು. ಆಮೇಲೆ ಕೆಳಗೆ ನೋಡಿದಳು.

ಟ್ಯಾಂಕರಿನ ಚಕ್ರಗಳು ರಸ್ತೆಯ ಅಂಚು ಹತ್ತಿ ಮಣ್ಣಿನ ಪಟ್ಟಿಯ ಮೇಲೆ ನಿಂತಿದ್ದವು. ತೂತುಗಳು ಹೆಚ್ಚಿದ್ದದ್ದು ಅದೇ ಜಾಗದಲ್ಲಿ. ಹಿಂದಿನ ಟ್ಯಾಂಕರಿನ ನಲ್ಲಿಯಿಂದ ನೀರು ಬೇರೆ ತೊಟ್ಟಿಕ್ಕಿ, ಮಣ್ಣು ಕೆಸರಾಗಿ, ಕೆಸರು ತೂತುಗಳ ಬಾಯಿಗೆ ಇಳಿಯುತ್ತಿತ್ತು. ಮೇಲೆ ಹೂವು ಕಾಯುತ್ತಿದೆ, ಕೆಳಗೆ ಮರಿಗಳಿಗೆ ಬಾಗಿಲು ಮುಚ್ಚಿದೆ.

"ಗಾಡಿ ತೆಗೀರಿ!" ಎಂದು ಆಕೆ ಡ್ರೈವರನ ಬಾಗಿಲು ಬಡಿದಳು.

"ಸಾಹೇಬ್ರ ಆರ್ಡರ್ ಅಕ್ಕಾ. ನಾನೇನ್ ಮಾಡ್ಲಿ?"

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ತೀರ್ಪುಗಾರರು ಕಾಣಿಸಿಕೊಂಡರು. ಮೂವರು, ಕೈಯಲ್ಲಿ ಹಾಳೆ ಸಿಕ್ಕಿಸಿದ ಹಲಗೆ. ಪಕ್ಕದಲ್ಲಿ ಸಾಹೇಬರು ಕೈ ಆಡಿಸಿ ಮಾತಾಡುತ್ತ, ಅವರನ್ನು ಎದುರುಗಡೆಯ ಪಾದಚಾರಿ ದಾರಿಗೆ ಸಾಗಿಸುತ್ತಿದ್ದರು. ಕತ್ತರಿಯಕ್ಕ ರಸ್ತೆಯ ನಡುವೆ ಹೋಗಿ ನಿಂತಳು.

"ಈ ಕಡೆ ಬನ್ನಿ ಸಾರ್! ಟ್ಯಾಂಕರ್ ಹಿಂದೆ ಇನ್ನೊಂದು ಸಾಲಿದೆ. ಅದನ್ನೂ ನೋಡಿ!"

ಸಾಹೇಬರ ಮುಖದ ಬಣ್ಣ ಇಳಿಯಿತು. "ಅಲ್ಲೇನೂ ಇಲ್ಲ ಸಾರ್, ಟ್ಯಾಂಕರ್ ಕೆಟ್ಟು ನಿಂತಿದೆ. ಏ, ಆಕೇನ ಆಚೆ ಕರ್ಕೊಂಡು ಹೋಗು!"

ಆ ಕೊನೆಯ ಮಾತು ತಮ್ಮನಿಗೆ. ತಮ್ಮ ಬಂದ. ಅಕ್ಕನ ತೋಳು ಹಿಡಿಯಲು ಕೈಯನ್ನೂ ಚಾಚಿದ. ಆಕೆ ಕೈ ಕೊಡವಿ, "ಅಲ್ಲಿ ನೋಡು" ಎಂದು ಚಕ್ರದ ಬುಡ ತೋರಿಸಿದಳು. ಅವನು ಬಗ್ಗಿ ನೋಡಿದ. ಕೆಸರು ಮೆತ್ತಿದ ಒಂದು ತೂತಿನಿಂದ ಬೂದಿ ಬಣ್ಣದ ಪುಟ್ಟ ತಲೆಯೊಂದು ಹೊರಬರಲು ಒದ್ದಾಡುತ್ತಿತ್ತು. ಇಷ್ಟು ವರ್ಷ ಅಕ್ಕನ ಬಾಯಲ್ಲಿ ಕೇಳಿದ್ದನೇ ಹೊರತು ಅವನು ಒಂದನ್ನೂ ಹತ್ತಿರದಿಂದ ಕಂಡವನಲ್ಲ. ಅವನು ಬೆರಳಿನ ತುದಿಯಿಂದ ಕೆಸರು ಸರಿಸಿದ. ಅದು ಮೇಲೆ ಬಂದು, ರೆಕ್ಕೆ ಒರೆಸಿಕೊಂಡು, ಅವನ ಉಗುರಿನ ಮೇಲೆ ಅರೆಗಳಿಗೆ ಕೂತು ಹಾರಿತು.

ತಮ್ಮ ಎದ್ದು ನಿಂತ. ಒಮ್ಮೆಲೇ ಕೂಗಿದ. ದೇವರೇ, ಆ ದನಿ ಅವನದೆಂದು ಯಾರೂ ನಂಬುತ್ತಿರಲಿಲ್ಲ.

"ಡ್ರೈವರ್! ಗಾಡಿ ತೆಗಿ!"

ಡ್ರೈವರ್ ಸಾಹೇಬರ ಕಡೆ ನೋಡಿದ.

"ಅಲ್ಲಿ ನೋಡ್ಬೇಡ, ಇಲ್ಲಿ ನೋಡು. ನಿನ್ನ ಮೇಲ್ವಿಚಾರಕ ನಾನು. ಎರಡೂ ಗಾಡಿ ತೆಗೀರಿ. ರಸ್ತೆ ಕಡೆಗೆ, ನಿಧಾನಕ್ಕೆ. ಮಣ್ಣಿನ ಮೇಲೆ ಇನ್ನೊಂದು ಇಂಚು ಹತ್ತಿಸಿದ್ರೆ ನಾನು ಸುಮ್ಮನಿರಲ್ಲ."

ಟ್ಯಾಂಕರುಗಳು ಗುರುಗುಟ್ಟಿ ಒಂದರ ಹಿಂದೊಂದು ಸರಿದವು. ಹಿಂದೆ ಸಾಲು ಕಾಣಿಸಿತು. ಒಂದು ಎದೆಯೆತ್ತರ, ಇನ್ನೊಂದು ಸೊಂಟದೆತ್ತರ, ಕೆದರಿದ ತಲೆಯ ಹಾಗೆ ಎತ್ತೆತ್ತಲೋ ಚಾಚಿದ ಕಡ್ಡಿಗಳು. ಅವುಗಳ ಮೇಲೆ ಅಲ್ಲಲ್ಲಿ ನೇರಳೆ ಹೂವು, ಹೂವಿನ ಮೇಲೆ ಬೆರಳೆಣಿಕೆಯ ದುಂಬಿಗಳು. ನಿಜ ಹೇಳಬೇಕೆಂದರೆ ಚೆಂದದ ಊರಿನ ಲೆಕ್ಕಕ್ಕೆ ಅದೇನು ದೊಡ್ಡ ಚೆಂದವಾಗಿರಲಿಲ್ಲ. ಕತ್ತರಿಯಕ್ಕ ಆಗಲೇ ನೆಲಕ್ಕೆ ಕೂತು, ಚಕ್ರದ ಗುರುತಿನ ಮೇಲಿನ ಗಟ್ಟಿ ಮಣ್ಣನ್ನು ಉಗುರಿನಿಂದ ಒಂದೊಂದೇ ಚೂರು ಎಬ್ಬಿಸುತ್ತಿದ್ದಳು. ಎಷ್ಟು ತೂತು ಮುಚ್ಚಿಹೋಗಿವೆಯೋ, ಎಷ್ಟು ಉಳಿದಿವೆಯೋ ಆಕೆಗೆ ಗೊತ್ತಿರಲಿಲ್ಲ.

ತೀರ್ಪುಗಾರರಲ್ಲಿ ಹಿರಿಯವರು ಹತ್ತಿರ ಬಂದರು. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಹಲಗೆಯ ಮೇಲೆ ಪೆನ್ನು ಊರಿದರು.

"ಊರಲ್ಲಿ ಎಲ್ಲಾ ಕಡೆ ಕತ್ತರಿಸಿದೆ. ಇದನ್ನ ಹೀಗೆ ಬಿಟ್ಟವರು ಯಾರು?"

"ನಾನು ಕಟ್ಟುನಿಟ್ಟಾಗಿ ಹೇಳಿದ್ದೆ ಸಾರ್" ಎಂದು ಸಾಹೇಬರು ಮುಂದೆ ಬಂದರು. "ಕ್ರಮ ತಗೋತೀನಿ. ಇವತ್ತೇ ತಗೋತೀನಿ."

"ನನ್ನ ಅಪ್ಪಣೆ ಮೇಲೆ ಬಿಟ್ಟಿದ್ದು ಸಾರ್" ಅಂದ ತಮ್ಮ. ಅವನ ಬೆರಳಿನಲ್ಲಿ ಇನ್ನೂ ಕೆಸರಿತ್ತು.

ಕತ್ತರಿಯಕ್ಕ ಮಣ್ಣು ಕೈಯಲ್ಲೇ ತಿರುಗಿ ತಮ್ಮನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ನಿಂತಳು.

"ಸುಳ್ಳು ಸಾರ್. ಇವನಿಗೆ ಧೈರ್ಯ ಬಂದು ಇನ್ನೂ ಐದು ನಿಮಿಷ ಆಗಿಲ್ಲ. ಕತ್ತರಿಸಲ್ಲ ಅಂದೋಳು ನಾನು. ಬರ್ಕೊಳ್ಳಿ. ಮುಂದಿನ ವರ್ಷ ಬಂದ್ರೂ ಕತ್ತರಿಸದೆ ಬಿಡೋಳು ನಾನೇ. ಅದನ್ನೂ ಈಗಲೇ ಬರ್ಕೊಂಡುಬಿಡಿ, ಆಮೇಲೆ ಮತ್ತೆ ಕೇಳೋ ಕೆಲಸ ಇರಲ್ಲ."

ಹಿರಿಯರು ಆಕೆಯ ಮುಖವನ್ನೊಮ್ಮೆ ನೋಡಿ, ಹಾಗೆಯೇ ಬರೆದುಕೊಂಡರು.